ವೇಗಸ್‌ನಲ್ಲಿ ರೂಮು, ಊಟ ಬೇಕಾದರೆ ಯಾರನ್ನು ಕೇಳಬೇಕು?

ಲಾಸ್ ವೇಗಸ್‌ನ ಒಂದು ಕ್ಯಾಸಿನೊದಲ್ಲಿ, ಪ್ಲೇಯರ್ಸ್ ಕ್ಲಬ್ ಕೌಂಟರ್‌ನಲ್ಲಿ ನನ್ನ ಕೆಲಸ. ಆಡುವವರಿಗೆ ಕ್ಲಬ್ ಕಾರ್ಡ್ ಮಾಡಿಕೊಟ್ಟು, ಆಟಕ್ಕೆ ತಕ್ಕ ಪಾಯಿಂಟ್ ನೋಡಿ ಹೇಳುವ ಜಾಗ ಅದು. ಥ್ಯಾಂಕ್ಸ್‌ಗಿವಿಂಗ್ ರಜೆ ಬಂತೆಂದರೆ ಬೇ ಏರಿಯಾದಿಂದ, ಫೀನಿಕ್ಸ್‌ನಿಂದ ಕಾರಿನಲ್ಲಿ ಬಂದ ನಮ್ಮ ಕಡೆಯವರು ಸಾಲಿನಲ್ಲಿ ಕಾಣುತ್ತಾರೆ. ನನ್ನ ಹೆಸರಿನ ಬ್ಯಾಡ್ಜ್ ನೋಡಿ 'ಕನ್ನಡದವರಾ ಮೇಡಂ?' ಅಂತಾರೆ. ಅದಾದ ತಕ್ಷಣ ಬರೋ ಪ್ರಶ್ನೆ 'ರೂಮ್ ಫ್ರೀ ಮಾಡಿಸೋಕಾಗುತ್ತಾ?' ನನ್ನ ಕೈಲಿ ಆಗಲ್ಲ. ಆದರೆ ಯಾರ ಕೈಲಿ ಆಗುತ್ತೆ ಅಂತ ಹೇಳಬಲ್ಲೆ.

ಕ್ಯಾಸಿನೊ ಕೊಡುವ ಉಚಿತ ಊಟ, ರೂಮು, ಶೋ ಟಿಕೆಟ್ಟುಗಳಿಗೆ ಇಲ್ಲಿ ಕಾಂಪ್ ಅಂತಾರೆ. ಕಾಂಪ್ ಬರೆಯುವ ಅಧಿಕಾರ ಒಬ್ಬೊಬ್ಬರಿಗೆ ಒಂದೊಂದು ಮಟ್ಟಿಗೆ ಇರುತ್ತದೆ. ಕೌಂಟರ್‌ನವರು ನಿಮ್ಮ ಪಾಯಿಂಟ್ ನೋಡಿ, ಅದರ ಮೇಲೆ ಊಟದ ಕೂಪನ್ ಕೊಡಬಹುದು, ನಿಮ್ಮ ಅಕೌಂಟ್‌ನಲ್ಲಿ ಆಫರ್ ಇದ್ದರೆ ಹೇಳಬಹುದು. ಟೇಬಲ್ ಆಟದ ಹತ್ತಿರ ನಿಂತಿರುವ ಫ್ಲೋರ್ ಸೂಪರ್‌ವೈಸರ್, ಇಲ್ಲವೇ ಅವರ ಮೇಲಿನ ಪಿಟ್ ಬಾಸ್, ಕಾಫಿ ಶಾಪ್‌ನಲ್ಲಿ ಇಬ್ಬರಿಗೆ ಊಟ ಕೊಡಿಸಬಹುದು. ರೂಮು, ರೆಸಾರ್ಟ್ ಫೀ (ರೂಮ್ ಬಾಡಿಗೆ ಮೇಲೆ ಹೋಟೆಲ್ ದಿನಕ್ಕಿಷ್ಟು ಅಂತ ಹಾಕುವ ಶುಲ್ಕ), ಲೇಟ್ ಚೆಕ್‌ಔಟ್ ಇವೆಲ್ಲ ಹೋಸ್ಟ್‌ನ ಕೆಲಸ, ಅಂದರೆ ಆಟಗಾರರನ್ನ ನೋಡಿಕೊಳ್ಳಲು ಕ್ಯಾಸಿನೊ ಇಟ್ಟಿರುವವರದು. ಸ್ವೀಟ್ ಅನ್ನೋ ದೊಡ್ಡ ರೂಮು, ಕಾರು, ವಿಮಾನದ ಖರ್ಚು ಅಂತ ಹೋದರೆ ಎಕ್ಸಿಕ್ಯುಟಿವ್ ಹೋಸ್ಟ್. ಬರ್ಗರ್ ಬೇಕಾದವರು ಎಕ್ಸಿಕ್ಯುಟಿವ್ ಹೋಸ್ಟ್ ಹುಡುಕಿಕೊಂಡು ಹೋಗಬೇಕಿಲ್ಲ. ಆಡುತ್ತಿರುವ ಟೇಬಲ್‌ನಲ್ಲೇ, ಏಳುವ ಮುಂಚೆ, ಸೂಪರ್‌ವೈಸರ್ ಹತ್ತಿರ 'ಊಟಕ್ಕೆ ಏನಾದರೂ ಆಗುತ್ತಾ?' ಅಂತ ಕೇಳಿದರೆ ಸಾಕು.

ಇನ್ನು ಕೆಲವಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಎರಡು ದೊಡ್ಡ ಕ್ಯಾಸಿನೊ ಕಂಪನಿಗಳ ಕ್ಲಬ್‌ಗಳಲ್ಲಿ, ಅಂದರೆ ಎಂಜಿಎಂ ರಿವಾರ್ಡ್ಸ್‌ನಲ್ಲಿ ಗೋಲ್ಡ್, ಸೀಸರ್ಸ್ ರಿವಾರ್ಡ್ಸ್‌ನಲ್ಲಿ ಡೈಮಂಡ್ ಮಟ್ಟ ಮುಟ್ಟಿದವರಿಗೆ ರೆಸಾರ್ಟ್ ಫೀ ಮನ್ನಾ ಆಗುವುದು ಕಾರ್ಡ್‌ನಿಂದಲೇ. ಅದನ್ನ ಹೋಸ್ಟ್ ಕೈಯಲ್ಲಿ ಕೇಳಿ ಪಡೆದರೆ ಒಂದು ಬೇಡಿಕೆ ಸುಮ್ನೆ ಖರ್ಚಾದ ಹಾಗೆ.

ಹೋಸ್ಟ್ ಹುಡುಕುವ ಮುಂಚೆ ನಿಮ್ಮ ಆಟದ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ನೀವು ಎಷ್ಟು ಗೆದ್ದಿರಿ, ಎಷ್ಟು ಸೋತಿರಿ ಅನ್ನೋದಕ್ಕಿಂತ ನಮ್ಮ ಕಂಪ್ಯೂಟರ್ ಜಾಸ್ತಿ ನೋಡೋದು ಥಿಯೊ ಅನ್ನುವ ಅಂಕಿಯನ್ನ, ಅಂದರೆ ಅಷ್ಟು ಆಟಕ್ಕೆ ನೀವು ಸರಾಸರಿ ಎಷ್ಟು ಸೋಲುತ್ತೀರಿ ಅನ್ನೋ ಅಂದಾಜನ್ನ. ಸರಾಸರಿ ಬೆಟ್, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ, ಮನೆಯ ಪಾಲು (ಬೆಟ್‌ನಲ್ಲಿ ಸರಾಸರಿ ಕ್ಯಾಸಿನೊಗೆ ಉಳಿಯುವುದು) ಎಷ್ಟು ಶೇಕಡಾ, ಈ ನಾಲ್ಕರ ಗುಣಾಕಾರ ಅದು. ಎರಡು ಸೊನ್ನೆಯ ರೂಲೆಟ್‌ನಲ್ಲಿ ಮನೆಯ ಪಾಲು 5.26 ಶೇಕಡಾ. 25 ಡಾಲರ್ ಬೆಟ್, ಗಂಟೆಗೆ 40 ಸುತ್ತು, 4 ಗಂಟೆ ಅಂದರೆ ಒಟ್ಟು 4,000 ಡಾಲರ್ ಆಡಿದ ಹಾಗೆ. ಥಿಯೊ ಸುಮಾರು 210. ಅದೇ 25 ಡಾಲರ್ ಬ್ಲ್ಯಾಕ್‌ಜ್ಯಾಕ್‌ನಲ್ಲಿ ಗಂಟೆಗೆ 70 ಆಟ, 4 ಗಂಟೆ, ಮನೆಯ ಪಾಲು 1 ಶೇಕಡಾ ಅಂತ ಹಿಡಿದರೆ 70 ಡಾಲರ್ ಮಾತ್ರ. ಈಗ ಸ್ಲಾಟ್ ನೋಡಿ. ಒಂದು ಸ್ಪಿನ್‌ಗೆ ಬರೀ 1 ಡಾಲರ್. ಆದರೆ ಗಂಟೆಗೆ 600 ಸ್ಪಿನ್, 4 ಗಂಟೆ, 8 ಶೇಕಡಾ ಅಂತ ಇಟ್ಟುಕೊಳ್ಳಿ. 192 ಡಾಲರ್! ಗಂಡ ಬ್ಲ್ಯಾಕ್‌ಜ್ಯಾಕ್ ಟೇಬಲ್‌ನಲ್ಲಿ ದೊಡ್ಡ ಆಟ ಆಡಿದೆ ಅಂದುಕೊಂಡು ಬಂದಿರುತ್ತಾರೆ. ಹೆಂಡತಿ ಸ್ಲಾಟ್ ಮುಂದೆ ಕೂತಿದ್ದವರು. ಊಟ ಬರೋದು ಹೆಂಡತಿಯ ಕಾರ್ಡ್ ಮೇಲೆ.

ಈ ಥಿಯೊದಲ್ಲಿ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಾಂಪ್ ರೂಪದಲ್ಲಿ ವಾಪಸ್ ಬರಬಹುದು ಅಂತ ಅಂದಾಜು ಇಟ್ಟುಕೊಳ್ಳಿ. 210ಕ್ಕೆ 40ರಿಂದ 70 ಡಾಲರ್. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಕಾಂಪ್‌ಗೋಸ್ಕರ ಬೆಟ್ ಏರಿಸಬೇಡಿ. ಐವತ್ತು ಡಾಲರ್ ಊಟಕ್ಕೆ ಇನ್ನೂರು ಡಾಲರ್ ಕೊಡುವ ಲೆಕ್ಕ ಅದು. ಹೇಗೂ ಆಡುವವರಿದ್ದೀರಿ, ಆಡಿದ್ದಕ್ಕೆ ಬರಬೇಕಾದ್ದು ಬರಲಿ, ಅಷ್ಟೇ.

ಈಗ ಹೋಸ್ಟ್ ಆರಿಸುವ ವಿಷಯ. ಮೊದಲು ಕೌಂಟರ್‌ಗೆ ಬಂದು 'ನನ್ನ ಅಕೌಂಟ್‌ಗೆ ಈಗಾಗಲೇ ಹೋಸ್ಟ್ ಇದ್ದಾರಾ?' ಅಂತ ಕೇಳಿ. ಎಷ್ಟೋ ಜನರಿಗೆ ಗೊತ್ತಿಲ್ಲದೆಯೇ ಒಬ್ಬರ ಹೆಸರು ಸೇರಿಸಿರುತ್ತಾರೆ. ಹಾಗಿದ್ದಾಗ ಬೇರೆ ಹೋಸ್ಟ್ ನಿಮ್ಮನ್ನ ಮುಟ್ಟೋದಿಲ್ಲ, ಅವರವರ ನಡುವೆ ಜಗಳ ಬರುತ್ತೆ. ಹೋಸ್ಟ್‌ಗಳ ಬೋನಸ್ಸು ಎಷ್ಟೋ ಕಡೆ ಅವರ ಪಟ್ಟಿಯಲ್ಲಿರುವ ಆಟಗಾರರ ಥಿಯೊ ಮೇಲೆ ನಿಂತಿರುತ್ತದೆ. ಅವರು ನಗುನಗುತ್ತಾ ಮಾತಾಡಿಸುವುದು ನಿಜ, ಆದರೆ ಅವರ ಕೆಲಸ ಸೇಲ್ಸ್. ಇದು ಮನಸ್ಸಿನಲ್ಲಿರಲಿ.

ನೀವು ಸ್ಲಾಟ್ ಆಡುವವರಾದರೆ ಸ್ಲಾಟ್ ಕಡೆಯ ಹೋಸ್ಟ್, ಟೇಬಲ್ ಆದರೆ ಟೇಬಲ್ ಕಡೆಯವರು. ಕೆಲವು ಕ್ಯಾಸಿನೊಗಳಲ್ಲಿ ಒಬ್ಬರೇ ಎರಡನ್ನೂ ನೋಡುತ್ತಾರೆ. ಶಿಫ್ಟ್ ಕೇಳಿ. ನೀವು ರಾತ್ರಿ ಹತ್ತರ ಮೇಲೆ ಆಡುವವರು, ಹೋಸ್ಟ್ ಸಂಜೆ ಐದಕ್ಕೆ ಮನೆಗೆ ಹೋಗುವವರು ಅಂದರೆ ಕೆಲಸ ಕೆಡುತ್ತದೆ. ದೊಡ್ಡ ಹೆಸರಿನ ಹೋಸ್ಟ್ ಬೇಕೇ ಬೇಕು ಅಂತ ಹಟ ಮಾಡಬೇಡಿ. ಲಕ್ಷ ಡಾಲರ್ ಆಡುವವರ ಪಟ್ಟಿ ಇಟ್ಟುಕೊಂಡವರಿಗೆ ನಿಮ್ಮ ಫೋನ್ ಎತ್ತಲು ಬಿಡುವಿರುವುದಿಲ್ಲ. ಹೊಸದಾಗಿ ಪಟ್ಟಿ ಕಟ್ಟುತ್ತಿರುವ ಹೋಸ್ಟ್ ಮಧ್ಯಮ ಆಟಗಾರರಿಗೆ ಎಷ್ಟೋ ವಾಸಿ. ಮೆಸೇಜ್‌ಗೆ ಅದೇ ದಿನ ಉತ್ತರ ಬರುತ್ತೆ.

ನಮ್ಮ ಭಾಷೆಯವರು, ನಮ್ಮ ದೇಶದವರು ಅನ್ನೋ ಒಂದೇ ಕಾರಣಕ್ಕೆ ಹೋಸ್ಟ್ ಆರಿಸೋದು ಬೇಡ. ಮಾತಿಗೆ ಚೆನ್ನ. ಆದರೆ ರೂಮು ಕೊಡುವ ಅಧಿಕಾರ ಅವರಿಗಿದೆಯಾ ಅನ್ನೋದು ಮುಖ್ಯ, ಅಲ್ವಾ? ಅಧಿಕಾರವೂ ಇದ್ದು ನಮ್ಮ ಊಟದ ಪದ್ಧತಿಯೂ ಗೊತ್ತಿದ್ದರೆ ಬಹಳ ಒಳ್ಳೆಯದು. ಅಪ್ಪ ಅಮ್ಮ ಜೊತೆಗಿದ್ದು, ಮೊಟ್ಟೆ, ಮೀನು, ಎಲ್ಲ ಬಿಟ್ಟು ಊಟ ಬೇಕಾದಾಗ ಒಳ್ಳೆ ಹೋಸ್ಟ್ ಅಡುಗೆಮನೆಗೆ ಮೊದಲೇ ಫೋನ್ ಮಾಡಿಡುತ್ತಾರೆ. ವಿನ್ ಹೋಟೆಲ್‌ನ ರೆಸ್ಟೋರೆಂಟ್‌ಗಳು ಬಹಳ ವರ್ಷಗಳಿಂದ ವೀಗನ್, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಪದಾರ್ಥಗಳ ಮೆನು ಇಟ್ಟಿವೆ. ಇಂಥದ್ದನ್ನ ಕೇಳದೇ ಹೇಳುವವರು ಸಿಕ್ಕರೆ ಬಿಡಬೇಡಿ.

ಪರೀಕ್ಷೆ ಮಾಡೋಕೆ ನಾನು ಎಲ್ಲರಿಗೂ ಹೇಳಿಕೊಡುವ ಪ್ರಶ್ನೆ ಒಂದೇ. ಆಡುವ ಮುಂಚೆ ಕೇಳಿ: 'ಎರಡು ರಾತ್ರಿ ರೂಮು ಕಾಂಪ್ ಆಗಬೇಕಾದರೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ಸರಾಸರಿ ಬೆಟ್ ಇರಬೇಕು?' ಒಳ್ಳೆ ಹೋಸ್ಟ್ ಒಂದು ಅಂಕಿ ಹೇಳುತ್ತಾರೆ. 'ವಾರದ ಮಧ್ಯೆ ಬನ್ನಿ, ಆಗ ಇಷ್ಟಕ್ಕೇ ಆಗುತ್ತೆ, ಶನಿವಾರ ಆಗಲ್ಲ' ಅಂತಲೂ ಹೇಳಬಹುದು. 'ಮೊದಲು ಆಡಿ, ಆಮೇಲೆ ನೋಡೋಣ' ಅನ್ನೋದು ಎಲ್ಲರೂ ಹೇಳುವ ಮಾತೇ. ಆದರೆ ಅಂಕಿಯನ್ನೇ ಹೇಳದೆ ಬರೀ ಅಷ್ಟು ಹೇಳಿದರೆ ಇನ್ನೊಬ್ಬರನ್ನ ನೋಡಿ. ಬೆಟ್ ಜಾಸ್ತಿ ಮಾಡಿ ಅಂತ ಮೇಲೆ ಬಿದ್ದು ಹೇಳುವವರು, ಕ್ರೆಡಿಟ್ ತಗೊಳ್ಳಿ ಅನ್ನುವವರು ಬೇಡವೇ ಬೇಡ. ಕ್ಯಾಸಿನೊ ಸಾಲಕ್ಕೆ ಸಹಿ ಹಾಕುವ ಮಾರ್ಕರ್ ಅನ್ನೋ ಕಾಗದ ಚೆಕ್ ಇದ್ದ ಹಾಗೆ. ಕಟ್ಟದಿದ್ದರೆ ನೆವಾಡಾದಲ್ಲಿ ಕ್ರಿಮಿನಲ್ ಕೇಸ್ ಆಗಬಹುದು. ವೀಸಾ ಮೇಲಿರುವವರು ಆ ಕಡೆ ತಲೆ ಹಾಕಲೇಬೇಡಿ. ವಾಟ್ಸ್ಆ್ಯಪ್‌ನಲ್ಲಿ 'ವಿಐಪಿ ಹೋಸ್ಟ್' ಅಂತ ಬಂದು ಮುಂಗಡ ದುಡ್ಡು ಕೇಳಿದರೆ ಅದು ಮೋಸ. ಅನುಮಾನ ಇದ್ದರೆ ಹೋಟೆಲ್‌ನ ಮುಖ್ಯ ನಂಬರ್‌ಗೆ ಫೋನ್ ಮಾಡಿ, ಆ ಹೆಸರಿನವರು ಇದ್ದಾರಾ ಅಂತ ಕೇಳಿ.

ಕಾರ್ಡ್ ವಿಷಯದಲ್ಲಿ ಒಂದು ಎಚ್ಚರಿಕೆ. ಊರಿಂದ ಬಂದ ಅಪ್ಪ ಅಮ್ಮನ ಕೈಗೆ ನಿಮ್ಮ ಕಾರ್ಡ್ ಕೊಟ್ಟು ಸ್ಲಾಟ್ ಆಡಿಸಬೇಡಿ. ಬಟನ್ ಒತ್ತಿದವರಿಗೇ ಜಾಕ್‌ಪಾಟ್ ಸೇರೋದು. ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯರಿಗೆ ದೊಡ್ಡ ಸ್ಲಾಟ್ ಜಾಕ್‌ಪಾಟ್ ಬಂದರೆ 30 ಶೇಕಡಾ ತೆರಿಗೆ ಅಲ್ಲೇ ಹಿಡಿದುಕೊಳ್ಳುತ್ತಾರೆ. ಬ್ಲ್ಯಾಕ್‌ಜ್ಯಾಕ್, ರೂಲೆಟ್‌ಗೆ ಹಾಗಿಲ್ಲ. ನಗುತ್ತಾ ಫೋಟೊ ತೆಗೆಸಿಕೊಂಡ ಹಿರಿಯರು ತೆರಿಗೆ ಫಾರಂ ನೋಡಿ ಗಾಬರಿಯಾಗೋದನ್ನ ನಾನು ಕಂಡಿದ್ದೇನೆ.

ದಿನಗಳ ಲೆಕ್ಕವೂ ಇದೆ. ಹೋಸ್ಟ್ ನೋಡೋದು ದಿನದ ಸರಾಸರಿ ಥಿಯೊ. ಎರಡು ದಿನ ತಲಾ 200 ಬಂದಿದೆ ಅಂದುಕೊಳ್ಳಿ. ಮೂರನೇ ದಿನ ಏರ್‌ಪೋರ್ಟ್‌ಗೆ ಹೊರಡುವ ಮುಂಚೆ ಹತ್ತು ನಿಮಿಷ ಕಾರ್ಡ್ ಹಾಕಿ ಆಡಿ 5 ಡಾಲರ್ ಥಿಯೊ ಸೇರಿಸಿದರೆ ಸರಾಸರಿ 135ಕ್ಕೆ ಇಳಿಯುತ್ತದೆ. ಮುಂದಿನ ಸಲದ ಆಫರ್ ಆ ಅಂಕಿ ಮೇಲೆ ಬರುತ್ತೆ. ಕೊನೆ ದಿನ ಚೂರು ಆಟ ಆಡೋದಿದ್ದರೆ ಕಾರ್ಡ್ ಜೇಬಲ್ಲೇ ಇರಲಿ.

ಆಟ ಕೈ ಮೀರುತ್ತಿದೆ ಅನಿಸಿದರೆ ಹೋಸ್ಟ್‌ಗೆ ನೇರವಾಗಿ 'ನನಗೆ ಆಫರ್ ಕಳಿಸಬೇಡಿ' ಅಂತ ಹೇಳಿ. ಆಫರ್ ನಿಲ್ಲಿಸುವ ಫಾರಂ ನಮ್ಮ ಕೌಂಟರ್‌ನಲ್ಲೂ ಸಿಗುತ್ತದೆ. 1-800-ಗ್ಯಾಂಬ್ಲರ್ ಅನ್ನೋ ಸಹಾಯವಾಣಿಯೂ ಇದೆ, ಮಾತಾಡಲು ದುಡ್ಡು ಕೊಡಬೇಕಿಲ್ಲ.

ಇನ್ನು ಕೇಳುವ ಸಮಯ. ಊಟ, ಕಾಫಿ, ಎಲ್ಲ ಬಿಲ್ಲನ್ನೂ ರೂಮಿಗೇ ಹಾಕಿಸಿ. ಹೊರಡುವ ಹಿಂದಿನ ಸಂಜೆ ಹೋಸ್ಟ್‌ಗೆ ಮೆಸೇಜ್ ಮಾಡಿ: 'ನಾಳೆ ಬೆಳಿಗ್ಗೆ ಹೊರಡ್ತೀವಿ. ನಮ್ಮ ಆಟ ನೋಡಿ ಬಿಲ್ಲಿನಲ್ಲಿ ಏನಾದರೂ ತೆಗೆಯೋಕಾಗುತ್ತಾ?' ಚೆಕ್‌ಔಟ್ ಆಗುವ ಮುಂಚೆ ಕೇಳಿದರೆ ಅವರಿಗೂ ಸುಲಭ. ಬಿಲ್ಲು ಕಟ್ಟಿ, ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಹೋಗುವ ದಾರಿಯ ಬಾರ್‌ಸ್ಟೋ ಊರು ದಾಟಿದ ಮೇಲೆ ಕೇಳಿದರೆ ವಾಪಸ್ ಬರೋದು ಕಷ್ಟ. ಎರಡು ಊಟ ತೆಗೆದಿದ್ದರೆ ಆ ಎರಡೂ ಬಿಲ್ಲಿನಿಂದ ಹೋಗಿದೆಯಾ ಅಂತ ಫ್ರಂಟ್ ಡೆಸ್ಕ್‌ನಲ್ಲಿ ಪ್ರಿಂಟ್ ತೆಗೆಸಿ ನೋಡಿ, ಆಮೇಲೆ ಕೀ ವಾಪಸ್ ಕೊಡಿ.