ಸ್ಟೆಪ್ನಿ ಹೂತು ಜೀಪು ಎತ್ತಿದ್ದು

ನಮ್ಮ ಸಕಲೇಶಪುರದ ಕಡೆ ಮಳೆಗಾಲದಲ್ಲಿ ಜೀಪು ಹೂತುಕೊಳ್ಳುವುದು ಸುದ್ದಿಯೇ ಅಲ್ಲ. ಮರಕ್ಕೆ ಕೇಬಲ್ ಸುತ್ತಿ ಎಳೆದರೆ ಮುಗಿಯಿತು. ನನಗೆ ಕಾಟ ಕೊಟ್ಟಿದ್ದು ಹಡ್ಲು ಗದ್ದೆ, ಅಂದರೆ ಪಾಳು ಬಿಟ್ಟ ಗದ್ದೆ. ಅಲ್ಲಿ ಮರ ಎಲ್ಲಿಂದ ತರೋದು?

ಮೊದಲ ಸಲ ಟ್ರ್ಯಾಕ್ಟರ್ ಕರೆಸಿದೆ. ಅವನು ಸರಪಳಿಯನ್ನು ಬಂಪರಿಗೇ ಹಾಕಿ, ಸಡಿಲ ಬಿಟ್ಟು, ಒಮ್ಮೆಗೇ ಜಗ್ಗಿದ. ಬಂಪರ್ ಅವನ ಹಿಂದೆ ಹೋಯಿತು, ಜೀಪು ಅಲ್ಲೇ ಇತ್ತು. ಬಾಡಿಗೆ 2,000, ವೆಲ್ಡಿಂಗು ಗಿಲ್ಡಿಂಗು ಸೇರಿ ಇನ್ನೊಂದು 6,000. ಯಾರ ತಲೆಗೂ ಬಡಿಯಲಿಲ್ಲ, ಪುಣ್ಯ.

ಆಮೇಲೆ ಲಿವರ್ ಆಡಿಸುವ ಹಳೇ ಕೈ ವಿಂಚ್ ಒಂದನ್ನು 9 ಸಾವಿರಕ್ಕೋ ಏನೋ ತಂದೆ. 1.6 ಟನ್ ಎಳೆಯುವಂಥದ್ದು. ಅದನ್ನು ಕಟ್ಟಲು ಸ್ಟೆಪ್ನಿಯನ್ನೇ ನೆಲದಲ್ಲಿ ಹೂಳುತ್ತೇನೆ ಅಂದಾಗ ಪಕ್ಕದ ತೋಟದ ಗೌಡರು, "ಟೈರು ಬಿತ್ತುತ್ತೀರಾ? ಮುಂದಿನ ವರ್ಷ ಎಷ್ಟು ಜೀಪು ಬೆಳೆಯುತ್ತೆ?" ಅಂತ ನಕ್ಕರು.

ಒಂದೂವರೆ ಅಡಿ ಆಳಕ್ಕೆ ಹೂತಿದ್ದೆ. ಹತ್ತು ಸಲ ಲಿವರ್ ಆಡಿಸುವಷ್ಟರಲ್ಲಿ ಸುವರ್ಣಗಡ್ಡೆ ಕಿತ್ತ ಹಾಗೆ ಮೇಲೆ ಬಂತು. ಮೂರಡಿ ಮಾಡಿದೆ. ಮತ್ತೆ ಬಂತು. ತಪ್ಪು ಆಳದ್ದಲ್ಲ, ಹಗ್ಗದ್ದು. ಹಗ್ಗ ಗುಂಡಿಯಿಂದ ನೆಟ್ಟಗೆ ಮೇಲೆ ಬಂದರೆ ಟೈರನ್ನೂ ಮೇಲಕ್ಕೇ ಎತ್ತುತ್ತೆ, ಅಲ್ವಾ? ಮೂರನೇ ಸಲ ಬದುವಿನಾಚೆ ಗಟ್ಟಿ ಮಣ್ಣಿನಲ್ಲಿ ಗುಂಡಿ ತೆಗೆದೆ. ಜೀಪಿನ ಕಡೆಯ ಗೋಡೆ ಕೆಡಿಸಲಿಲ್ಲ. ಅದರಲ್ಲಿ ಹಗ್ಗ ಹಿಡಿಯುವಷ್ಟೇ ಅಗಲಕ್ಕೆ, ತಳದಿಂದಲೇ ಓರೆಯಾಗಿ ಕಾಲುವೆ ಸೀಳಿದೆ. ಟೈರು ನಿಲ್ಲಿಸಿ, ನಡುವಿನ ತೂತಿನಲ್ಲಿ ಹಗ್ಗ ತೂರಿಸಿ, ಹಿಂದೆ ಹಾರೆ ಅಡ್ಡ ಕೊಟ್ಟೆ. ಹಾರೆಗೆ ಎಂಥ ಗಂಟು ಹಾಕಿದೆ ಅನ್ನೋದು ನನ್ನ ಗುಟ್ಟಾಗಿಯೇ ಇರಲಿ.

ಎಳೆಯುವ ಮೊದಲು ಅರ್ಧ ಗಂಟೆ ಗುದ್ದಲಿ ಕೆಲಸ. ಜೀಪಿನಡಿಯ ಆಕ್ಸಲ್ ಹೌಸಿಂಗ್ ಮುಂದಿನ ಕೆಸರು ತೆಗೆಯದಿದ್ದರೆ ಜೀಪಲ್ಲ, ಗದ್ದೆಯನ್ನೇ ಎಳೆದ ಹಾಗೆ. ಚಕ್ರಗಳ ಗಾಳಿ 15 ಪಿಎಸ್‌ಐಗೆ ಇಳಿಸಿದೆ. ಕೇಬಲ್ ಸಿಕ್ಕಿಸುವ ಕಬ್ಬಿಣದ ಕೊಂಡಿ, ಶ್ಯಾಕಲ್, ಈ ಸಲ ಬಂಪರಿಗಲ್ಲ, ಚಾಸಿಯ ಹುಕ್ಕಿಗೇ. ಹರಿದರೆ ಹಾರದಿರಲಿ ಅಂತ ಕೇಬಲ್ ಮೇಲೆ ಎರಡು ಒದ್ದೆ ಗೋಣಿಚೀಲ. ನೋಡಲು ಬಂದ ಹುಡುಗರನ್ನು ಬೈದೇ ದೂರ ಕಳಿಸಬೇಕಾಯಿತು.

ಸುಮ್ನೆ ಇರಲಾರದೆ ಚಕ್ರದಡಿ ಅಡಿಕೆ ಹಾಳೆ ಹಾಕಿ ನೋಡಿದೆ. ಒದ್ದೆಯಾದರೆ ಅದರಷ್ಟು ಜಾರುವುದು ಇನ್ನೊಂದಿಲ್ಲ. ಮರಗಸಿ ಮಾಡಿದ, ಅಂದರೆ ತೋಟದ ನೆರಳಿನ ಮರದಿಂದ ಸವರಿದ ರೆಂಬೆಗಳೇ ವಾಸಿ.

ಸುಮಾರು 40 ನಿಮಿಷ, 12 ಅಡಿ. ಮುಂದಿನ ಚಕ್ರ ಗಟ್ಟಿ ನೆಲ ಹಿಡಿಯಿತು. ಸ್ಟೆಪ್ನಿ ಅಲ್ಲಾಡಿರಲಿಲ್ಲ. ಅದನ್ನು ಅಗೆದು ತೆಗೆಯಲು ಇನ್ನೊಂದು ಗಂಟೆ ಹಿಡಿಯಿತು, ಆ ಮಾತು ಬೇರೆ.

ಆಗಸ್ಟ್‌ನಲ್ಲಿ ಗೌಡರ ಫೋನು. ಅವರ ಪಿಕಪ್ ಹೂತಿತ್ತು. "ಹಾರೆ ನಾನು ತರ್ತೀನಿ ಗೌಡ್ರೇ, ಬಿತ್ತೋಕೆ ಸ್ಟೆಪ್ನಿ ನಿಮ್ದೇ" ಅಂದೆ.