ವ್ಯಾನಿಗೆ ಸೋಲಾರ್ ಹಾಕೋ ಮುಂಚೆ ಲೆಕ್ಕ ಹಾಕಿ

ಪ್ಯಾನೆಲ್ ತಗೊಳ್ಳೋಕೆ ಮುಂಚೆ ದಿನಕ್ಕೆ ಎಷ್ಟು ಕರೆಂಟ್ ಬೇಕು ಅಂತ ಬರ್ಕೊಳ್ಳಿ. ಸಣ್ಣ 12 ವೋಲ್ಟ್ ಫ್ರಿಡ್ಜು, ಫ್ಯಾನು, ಲೈಟು, ಫೋನ್ ಚಾರ್ಜಿಂಗು ಸೇರಿ 700 ವ್ಯಾಟ್-ಅವರ್ ಅಂದ್ಕೊಂಡ್ರೆ 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಫಾಸ್ಫೇಟ್ ಬ್ಯಾಟರಿ, 200 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ಸಾಕು, ಆದ್ರೆ ಮಳೆಗಾಲದಲ್ಲಿ ಆಗುಂಬೆ ಕಡೆ ಹೋಗೋರು ಪ್ಯಾನೆಲ್ ಒಂದನ್ನೇ ನಂಬ್ಕೊಂಡು ಕೂರೋಕಾಗಲ್ಲ, ಗಾಡಿ ಓಡೋವಾಗ ಆಲ್ಟರ್ನೇಟರಿಂದ (ಇಂಜಿನ್ ತಿರುಗಿಸೋ ಜನರೇಟರ್ರು) ಚಾರ್ಜ್ ಆಗೋಕೆ ಡಿಸಿ-ಡಿಸಿ ಚಾರ್ಜರ್ ಹಾಕ್ಸಿ.

ಪ್ಯಾನೆಲ್ ಕೆಳಗೆ ಗಾಳಿ ಆಡೋಕೆ ಜಾಗ ಬಿಡಿ, ಬಿಸಿಯಾದ್ರೆ ಕರೆಂಟ್ ಕಮ್ಮಿ ಬರತ್ತೆ. ಪ್ಯಾನೆಲ್ ಕರೆಂಟನ್ನ ಹದ ಮಾಡಿ ಬ್ಯಾಟರಿಗೆ ತುಂಬೋ ಎಂಪಿಪಿಟಿ ಕಂಟ್ರೋಲರಿಗೆ ಮೊದ್ಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಕೊಡಿ, ಬಿಚ್ಚೋವಾಗ ಉಲ್ಟಾ.

ಇನ್ನು ಫ್ಯೂಸು, ಇದ್ರಲ್ಲಿ ದಯವಿಟ್ಟು ಜಿಪುಣತನ ಮಾಡ್ಬೇಡಿ, ನೀವು ಮಲಗೋದು ಅದೇ ಗಾಡೀಲಿ! ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್ ಇರ್ಲಿ, ಆಮೇಲೆ ಒಂದೊಂದು ಲೈನಿಗೂ ಬೇರೆ ಬೇರೆ, ಅದೂ ವೈರ್ ತಡ್ಕೊಳ್ಳೋದಕ್ಕಿಂತ ಕಮ್ಮಿ ಆಂಪಿಯರಿಂದು. ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿದ್ರೆ ಗಾಡಿ ಕುಲುಕಾಟಕ್ಕೆ ಸಡಿಲ ಆಗಿ ಬಿಸಿಯಾಗತ್ತೆ, ವೈರ್ ತುದಿಗೆ ಲಗ್ (ಲೋಹದ ಟೋಪಿ) ಹಾಕಿ ಕ್ರಿಂಪ್ ಮಾಡಿ, ಅಂದ್ರೆ ಅದ್ರ ಟೂಲಿಂದ ಒತ್ತಿ ಬಿಗಿ ಮಾಡಿ.

ಮಿಕ್ಸಿ ಬೇಕೇ ಬೇಕು ಅನ್ನೋರಿಗೆ, 750 ವ್ಯಾಟ್ ಮಿಕ್ಸಿ ಇನ್ವರ್ಟರಲ್ಲಿ ಓಡಿದ್ರೆ ಬ್ಯಾಟರಿಯಿಂದ 60 ಆಂಪಿಯರಿಗಿಂತ ಜಾಸ್ತಿ ಎಳೆಯತ್ತೆ, ಹಾಗಾಗಿ ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗೋ ಕೇಬಲ್ ದಪ್ಪ ಇರ್ಲಿ, ಗಿಡ್ಡಾಗಿರ್ಲಿ. ನನ್ ಕೇಳಿದ್ರೆ ಚಟ್ನಿಪುಡಿ ಒಯ್ಯಿರಿ.