ಅಕ್ಷರ ಬರುತ್ತದೆ, ಓದು ಓಡುವುದಿಲ್ಲ: ನಾಲ್ಕನೇ ತರಗತಿಯಲ್ಲಿ ನಾನು ಮಾಡಿಸುವುದು

ಕಾಗುಣಿತ ಪೂರ್ತಿ ಬರುತ್ತದೆ, ಒತ್ತಕ್ಷರವೂ ಗೊತ್ತು. ಆದರೆ ಪಾಠ ಓದು ಅಂದರೆ ‘ಹಿ... ತ್ತ... ಲಿ... ನ... ಹಿತ್ತಲಿನ’ ಅಂತ ಒಂದೊಂದೇ ಅಕ್ಷರ ಹೆಕ್ಕುತ್ತಾರೆ. ಇಂಥ ಮಕ್ಕಳನ್ನು ಮತ್ತೆ ಅ ಆ ಇ ಈ ಬರೆಯಲು ಕೂರಿಸುವುದು ವ್ಯರ್ಥ. ಅವರಿಗೆ ಬೇಕಾದದ್ದು ಒಂದೇ ತುಣುಕನ್ನು ನಾಲ್ಕೈದು ಸಲ ಗಟ್ಟಿಯಾಗಿ ಓದುವ ಅವಕಾಶ, ಪಕ್ಕದಲ್ಲಿ ಕೇಳುವ ಒಂದು ಕಿವಿ.

ಮೊದಲು ಅಳತೆ. ನಿಮಿಷಕ್ಕೆ ಎಷ್ಟು ಪದ ಎನ್ನುವ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಸರಿಹೊಂದುವುದಿಲ್ಲ. ‘ಮನೆ’ಯೂ ಒಂದು ಪದ, ‘ತಂದುಕೊಡಬೇಕಾಗಿತ್ತು’ ಕೂಡ ಒಂದು ಪದ. ಮೊದಲನೆಯದರಲ್ಲಿ 2 ಅಕ್ಷರ, ಎರಡನೆಯದರಲ್ಲಿ 8. ಹಾಗಾಗಿ ನಾನು ಅಕ್ಷರ ಎಣಿಸುತ್ತೇನೆ. ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಅಕ್ಷರ. ಮಗು ಹಿಂದೆ ಓದಿರದ, ಸುಮಾರು 250 ಅಕ್ಷರದ ತುಣುಕು ಸಾಕು. ನನ್ನ ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಒಟ್ಟು ಸಂಖ್ಯೆ ಬರೆದಿರುತ್ತೇನೆ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು, ನಿಂತ ಕಡೆ ಗೆರೆ ಎಳೆದು, ತಪ್ಪಿದ ಅಕ್ಷರಗಳನ್ನು ಕಳೆದರೆ ಅದೇ ಅಂಕ. ಮೊಬೈಲನ್ನು ಮಗುವಿಗೆ ಕಾಣುವಂತೆ ಇಡಬಾರದು. ಕಂಡರೆ ಓದು ಓಟದ ಸ್ಪರ್ಧೆಯಾಗುತ್ತದೆ.

ಅಂಕಕ್ಕಿಂತ ತಪ್ಪಿನ ಜಾತಿ ಮುಖ್ಯ. ಅಂಚಿನಲ್ಲಿ ‘ದೀ’ ಅಂದರೆ ದೀರ್ಘ ತಪ್ಪಿದ್ದು, ‘ಒ’ ಅಂದರೆ ಒತ್ತು, ‘ಊ’ ಅಂದರೆ ಮೊದಲಕ್ಷರ ನೋಡಿ ಊಹಿಸಿದ್ದು. ತಾನೇ ತಿದ್ದಿಕೊಂಡರೆ ತಪ್ಪಲ್ಲ. ‘ಹಾಲು’ ಎಂಬುದನ್ನು ‘ಆಲು’ ಅಂದರೂ ನಾನು ತಪ್ಪು ಹಾಕುವುದಿಲ್ಲ. ಅದು ಮನೆಮಾತಿನ ಉಚ್ಚಾರ, ಓದಿನ ತೊಡಕಲ್ಲ. ಅಲ್ಲೇ ತಡೆದು ‘ಹಾ ಅನ್ನು, ಹಾ ಅನ್ನು’ ಅಂದರೆ ಮಗು ಬಾಯಿಯೇ ಬಿಡುವುದಿಲ್ಲ.

ಒತ್ತಿನಲ್ಲಿ ಕಾಡುವುದು ಎರಡು ಜಾಗ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ. ಉಳಿದವು ತಲೆಕಟ್ಟು ತೆಗೆದ ಪುಟ್ಟ ರೂಪ, ನೋಡಿದರೆ ತಿಳಿಯುತ್ತದೆ. ಇನ್ನೊಂದು ಅರ್ಕಾವೊತ್ತು, ಅಂದರೆ ‘ರ್’ ಸದ್ದಿಗೆ ಹಾಕುವ ‘೯’ರಂಥ ಗುರುತು. ‘ಸೂರ್ಯ’ದಲ್ಲಿ ಗುರುತು ಇರುವುದು ‘ಯ’ ಆದಮೇಲೆ, ಬಾಯಿ ಹೇಳಬೇಕಾದದ್ದು ‘ಯ’ಕ್ಕಿಂತ ಮೊದಲು. ಎಡದಿಂದ ಬಲಕ್ಕೆ ನಿಯತ್ತಾಗಿ ಓದುವ ಮಗುವೇ ಇಲ್ಲಿ ‘ಸೂಯರ’ ಅನ್ನುವುದು! ಅದಕ್ಕೆ ಬೋರ್ಡಿನ ಮೇಲೆ ಜೋಡಿ ಪದ ಬರೆಯುತ್ತೇನೆ: ಚಕ್ರ–ಸರ್ಕಾರ, ವಜ್ರ–ಗರ್ಜನೆ. ದಿನಕ್ಕೆ ಎರಡು ನಿಮಿಷ, ಹತ್ತು ಪದ. ಅದಕ್ಕಿಂತ ಹೆಚ್ಚಾದರೆ ಮಗ್ಗಿಯಾಗುತ್ತದೆ.

ಆಮೇಲೆ ವಾರದ ತುಣುಕು, ದಿನಕ್ಕೆ 15 ನಿಮಿಷ. ಸೋಮವಾರ ನಾನೇ ಓದುತ್ತೇನೆ, ಮಕ್ಕಳು ಬೆರಳಿಟ್ಟು ಹಿಂಬಾಲಿಸುತ್ತಾರೆ. ಎರಡನೇ ಸಲ ಉಸಿರು ನಿಲ್ಲುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಸುತ್ತೇನೆ: ‘ಅಜ್ಜಿ ಬೆಳಿಗ್ಗೆ ಎದ್ದು / ಹಿತ್ತಲಿನ ಬಾವಿಯಿಂದ / ನೀರು ಸೇದಿದಳು.’ ಗೆರೆಯಿಂದ ಗೆರೆಗೆ ಒಂದೇ ಉಸಿರು. ‘ಹಿತ್ತಲಿನ’ ಅಂತ ನಿಲ್ಲಿಸಿದರೆ ಅರ್ಥ ಅರ್ಧಕ್ಕೆ ನೇತಾಡುತ್ತದೆ, ಅದು ಮಕ್ಕಳ ಕಿವಿಗೇ ಗೊತ್ತಾಗುತ್ತದೆ. ಉದ್ದ ಪದವನ್ನೂ ಹೀಗೇ ಮುರಿಯುವುದು: ತಂದು-ಕೊಡ-ಬೇಕಾಗಿತ್ತು. ‘ಬೇಕಾಗಿತ್ತು’ ಒಂದು ಸಲ ಕಣ್ಣಿಗೆ ಕೂತರೆ ‘ಹೋಗಬೇಕಾಗಿತ್ತು’, ‘ಹೇಳಬೇಕಾಗಿತ್ತು’ ಎರಡೂ ಸಲೀಸು. ಗುರುವಾರ ಗೆರೆಯಿಲ್ಲದ ಪ್ರತಿ ಕೊಡುತ್ತೇನೆ.

ಮಂಗಳವಾರದಿಂದ ಗುರುವಾರದವರೆಗೆ ಜೋಡಿ ಓದು. ಜೋಡಿ ಮಾಡುವಾಗ ಜಾಣನಿಗೆ ತೀರಾ ಹಿಂದುಳಿದವನನ್ನು ಗಂಟುಹಾಕಬೇಡಿ. ಒಬ್ಬ ರೇಗುತ್ತಾನೆ, ಇನ್ನೊಬ್ಬ ಕುಗ್ಗುತ್ತಾನೆ. 24 ಮಕ್ಕಳಿದ್ದರೆ ಅಂಕದ ಪ್ರಕಾರ ಪಟ್ಟಿ ಮಾಡಿ, 1ನೆಯವರಿಗೆ 13ನೆಯವರು, 2ನೆಯವರಿಗೆ 14ನೆಯವರು, ಹೀಗೆ. ಕೇಳುವವರಿಗೆ ಒಂದೇ ನಿಯಮ: ಓದುವವರು ತಡೆದರೆ ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ಪದ ಹೇಳಿಕೊಡಿ. ಓದುವವರು ಆ ವಾಕ್ಯವನ್ನು ಮೊದಲಿಂದ ಓದಬೇಕು. ತಡೆದ ಕೂಡಲೇ ಹೇಳಿಕೊಡುವ ಚಟ ಮಕ್ಕಳಿಗಿಂತ ನಮಗೆ, ಮೇಷ್ಟ್ರುಗಳಿಗೆ, ಹೆಚ್ಚು.

ಶುಕ್ರವಾರ ಮತ್ತೆ ಒಂದು ನಿಮಿಷದ ಅಳತೆ. ಎಲ್ಲರದ್ದೂ ಒಂದೇ ದಿನ ಆಗುವುದಿಲ್ಲ. ಆರು ಮಕ್ಕಳದ್ದು ಸಾಕು, ತಿಂಗಳಿಗೆ ಎಲ್ಲರಿಗೂ ಒಂದು ಸರದಿ ಬರುತ್ತದೆ. ಈ ಹೊತ್ತಿಗೆ ಬಾಯಿಪಾಠವಾಗಿರುವ ಅಪಾಯ ಇದ್ದೇ ಇದೆ, ಮುಖ್ಯವಾಗಿ ಎಲ್ಲರೂ ಒಟ್ಟಿಗೆ ಕೂಗಿ ಓದಿದ್ದರೆ. ಅನುಮಾನ ಬಂದರೆ ಕೊನೆಯ ಸಾಲಿನಿಂದ ಓದಿಸಿ, ಇಲ್ಲವೇ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿ. ಓದು ಮುಗಿದ ಮೇಲೆ ಒಂದು ಪ್ರಶ್ನೆ, ‘ಅಜ್ಜಿ ನೀರು ಎಲ್ಲಿಂದ ತಂದಳು?’ ಅಷ್ಟೇ. ಅಂಕ ಏರಿ ಉತ್ತರ ಬರದಿದ್ದರೆ ಮುಂದಿನ ಸರದಿಯಲ್ಲಿ ಆ ಮಗುವಿಗೆ ಅಳತೆಯೇ ಬೇಡ.

ರಾಗ ಎಳೆದು ಓದುವ ಚಾಳಿಗೆ ಸಂಭಾಷಣೆಯ ತುಣುಕು ಕೊಡುತ್ತೇನೆ: ‘ಬಂದೆಯಾ?’, ‘ಇಲ್ಲ, ಈಗ ಹೊರಟೆ.’ ಇಂಥ ಸಾಲನ್ನು ರಾಗವಾಗಿ ಎಳೆಯಲು ಹೊರಟರೆ ಮಕ್ಕಳಿಗೇ ನಗು ಬರುತ್ತದೆ.